ಎರಡನೆಯ ಬಾಟಲಿ ತೆರೆಯುವ ಮುನ್ನ

ಅವೆಲ್ಲಿನೊ, ಇಟಲಿ
ಸೆಪ್ಟೆಂಬರ್ ಎರಡನೇ ವಾರ

ಪ್ರೀತಿಯ ಅಣ್ಣಾ,

ಮೊನ್ನೆ ಫೋನಿನಲ್ಲಿ ವೈನಿನ ಸುದ್ದಿ ತೆಗೆದಾಗ ನಿನ್ನ ದನಿಯಲ್ಲಿ ಸಂಕೋಚವಿತ್ತು. ತಂಗಿ ಅಷ್ಟು ದೂರದಿಂದ ಕಳಿಸಿದ್ದಾಳೆ, ಸೇರಲಿಲ್ಲ ಅಂತ ಹೇಗೆ ಹೇಳುವುದು ಅಂತ. ಆಮೇಲೆ ಹೇಳಿಯೇಬಿಟ್ಟೆ: "ಒಗರು ಅಂದ್ರ ಒಗರು, ನಾಲಿಗಿ ದಪ್ಪ ಆತು." ಸಂಜೆ ಮಾಳಿಗೆಯ ಮೇಲೆ ಕೂತು, ಬಿರಡೆ ತೆಗೆದ ಕೂಡಲೇ ಗ್ಲಾಸಿಗೆ ಹಾಕಿಕೊಂಡು, ಖಾರದ ಶೇಂಗಾ ಜೊತೆ ಕುಡಿದೆವು ಅಂದೆ. ಅಷ್ಟು ಕೇಳಿದ ಮೇಲೆ ಏನಾಗಿರಬೇಕೆಂದು ನನಗೆ ಪೂರ್ತಿ ತಿಳಿಯಿತು. ಇನ್ನೊಂದು ಬಾಟಲಿ ಹಾಗೇ ಇದೆ ಎಂದೆಯಲ್ಲ, ಅದನ್ನು ಯಾರಿಗೂ ಕೊಟ್ಟುಬಿಡಬೇಡ. ತಂಪಾದ ಒಳಕೋಣೆಯಲ್ಲಿ ಮಲಗಿಸಿಡು. ಇದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಆ ವೈನನ್ನು ಬರೀ ಕುಡಿಯುವುದಕ್ಕೆಂದು ಇಲ್ಲಿ ಯಾರೂ ತೆರೆಯುವುದಿಲ್ಲ. ಅದು ಊಟದ ವೈನು. ಎದುರಿಗೆ ತಟ್ಟೆ ಇಲ್ಲದಿದ್ದರೆ ಅದರ ಒಗರೆಲ್ಲ ನಿನ್ನ ನಾಲಿಗೆಯ ಮೇಲೆಯೇ ಬೀಳುತ್ತದೆ. ತಟ್ಟೆ ಇದ್ದರೆ ಅದೇ ಒಗರು ಕೆಲಸಕ್ಕೆ ಬರುತ್ತದೆ.

ನೀನು ದ್ರಾಕ್ಷಿ ಬೆಳೆಯುವವನು, ಗಿಡದಿಂದಲೇ ಶುರು ಮಾಡುತ್ತೇನೆ. ತಳಿಯ ಹೆಸರು ಅಗ್ಲಿಯಾನಿಕೊ. ಊರಿನ ಹೆಸರು ತೌರಾಸಿ, ನಾವಿರುವ ಇದೇ ಅವೆಲ್ಲಿನೊ ಜಿಲ್ಲೆಯದು. ಊರಿನ ಹೆಸರೇ ವೈನಿಗೂ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಬಾಯಿಗೆ ಹಾಕಿಕೊಂಡರೆ ಮೊದಲು ಸಿಹಿ, ಹಿಂದೆಯೇ ಹುಳಿ, ಸಿಪ್ಪೆ ಅಗಿದರೆ ಹಲ್ಲುಗಳೆಲ್ಲ ಒಗರು. ನೀನು ಥಾಮ್ಸನ್‌ಗೂ ಮಾಣಿಕ್ ಚಮನ್‌ಗೂ ಕಾಳು ಉದ್ದ ಬರಲಿ ಎಂದು ಗೊಂಚಲುಗಳನ್ನು ಔಷಧಿಯಲ್ಲಿ ಅದ್ದಿಸಿ ಡಿಪ್ಪಿಂಗ್ ಮಾಡಿಸುತ್ತೀ; ನಿನಗೆ ಸಿಪ್ಪೆ ತೆಳ್ಳಗಿರಬೇಕು, ಸಿಹಿ ಏರಬೇಕು. ಇಲ್ಲಿಯವರಿಗೆ ಬೇಕಾದದ್ದು ಆ ದಪ್ಪ ಸಿಪ್ಪೆಯೇ. ವೈನಿನ ಬಣ್ಣ, ವಾಸನೆ, ನಿನ್ನ ನಾಲಿಗೆ ಹಿಡಿದ ಆ ಟ್ಯಾನಿನ್, ಎಲ್ಲ ಸಿಪ್ಪೆಯಿಂದಲೂ ಬೀಜದಿಂದಲೂ ಇಳಿದು ಬಂದದ್ದು. ಇಳುವರಿಯ ಲೆಕ್ಕ ಕೇಳಿದರೆ ನೀನು ತಲೆ ಮೇಲೆ ಕೈ ಹೊತ್ತು ಕೂರುತ್ತೀ. ತೌರಾಸಿ ಎಂದು ಲೇಬಲ್ ಹಚ್ಚಬೇಕಾದರೆ ಹೆಕ್ಟೇರಿಗೆ 10 ಟನ್ನಿನ ಮೇಲೆ ಹಣ್ಣು ತೆಗೆಯುವಂತಿಲ್ಲ. ನಮ್ಮ ಲೆಕ್ಕದಲ್ಲಿ ಎಕರೆಗೆ ನಾಲ್ಕು ಟನ್. ಒಳ್ಳೆಯ ವೈನು ಮಾಡುವವರು ಅಷ್ಟನ್ನೂ ಬಿಡುವುದಿಲ್ಲ, ಬೇಸಿಗೆಯಲ್ಲೇ ಅರೆಬಲಿತ ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಚೆಲ್ಲುತ್ತಾರೆ. ಮೊದಲ ಸಲ ನೋಡಿದಾಗ ನನಗೆ ನೀನೇ ನೆನಪಾದೆ; ನೀನು ಪಕ್ಕದಲ್ಲಿದ್ದಿದ್ದರೆ ಅವರ ಕೈ ಹಿಡಿಯುತ್ತಿದ್ದೆ.

ಇನ್ನೊಂದು ಸಂಗತಿ, ಕಾಲದ್ದು. ಇಡೀ ಇಟಲಿಯಲ್ಲಿ ಕಟ್ಟಕಡೆಗೆ ಕೊಯ್ಲಾಗುವ ಕೆಂಪು ದ್ರಾಕ್ಷಿಗಳಲ್ಲಿ ಇದೂ ಒಂದು. ಪಕ್ಕದ ಪುಲ್ಯ ಸೀಮೆಯಲ್ಲಿ ಪ್ರಿಮಿತಿವೊ ಎಂಬ ತಳಿ ಇದೆ. ಆಗಸ್ಟ್ ಕೊನೆಗೇ ಹಣ್ಣಾಗುತ್ತದೆ, ಬಯಲಿನ ಬಿಸಿಲು ಕುಡಿದು ಸಕ್ಕರೆ ಏರಿಸಿಕೊಳ್ಳುತ್ತದೆ. ಅದರ ವೈನು ದುಂಡಗೆ, ಮೆತ್ತಗೆ, ಮೊದಲ ಗುಟುಕಿಗೇ ಇಷ್ಟವಾಗುವಂಥದು. ಅದನ್ನು ಕಳಿಸಿದ್ದರೆ ಅವತ್ತೇ ರಾತ್ರಿ ನೀನು ಫೋನ್ ಮಾಡಿ ಹೊಗಳುತ್ತಿದ್ದೆ. ಆದರೆ ನನ್ನ ಮನಸ್ಸು ಕೂತಿರುವುದು ಅಗ್ಲಿಯಾನಿಕೊ ಮೇಲೆ. ತೌರಾಸಿಯ ಸುತ್ತ ತೋಟಗಳು ಗುಡ್ಡದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ನಾನೂರು ಐನೂರು ಮೀಟರ್ ಎತ್ತರದಲ್ಲಿವೆ. ಹಗಲು ಬಿಸಿಲು, ರಾತ್ರಿ ಚಳಿ. ಆ ಚಳಿಯಿಂದಲೇ ಹಣ್ಣಿನ ಹುಳಿ ಕರಗದೆ ಉಳಿಯುತ್ತದೆ. ಅಕ್ಟೋಬರ್ ಕೊನೆಯವರೆಗೆ, ಕೆಲವು ವರ್ಷ ನವೆಂಬರ್ ನಡುವಿನವರೆಗೂ ಗೊಂಚಲು ಗಿಡದ ಮೇಲೇ ಇರುತ್ತದೆ. ಅಷ್ಟರಲ್ಲಿ ಎಲೆಗಳು ಕೆಂಪಾಗಿರುತ್ತವೆ, ಬೆಳಗಿನ ಮಂಜು ಹತ್ತು ಗಂಟೆಯಾದರೂ ಏಳುವುದಿಲ್ಲ, ಎದುರಿನ ಬೆಟ್ಟದ ನೆತ್ತಿಯಲ್ಲಿ ಹಿಮ ಕಾಣಬಹುದು. ಕೊಯ್ಲಿನ ಮುಂಚೆ ಒಂದು ಮಳೆ ಬಂದರೆ ಏನು ಗತಿ ಎಂಬುದು ನಿನಗೆ ನಾನು ಹೇಳಬೇಕಾಗಿಲ್ಲ. ಆ ಭಯದಲ್ಲೇ ಇಲ್ಲಿಯ ರೈತರು ವಾರಗಟ್ಟಲೆ ಕಾಯುತ್ತಾರೆ, ಅವಸರ ಮಾಡಿ ಕೊಯ್ದರೆ ಒಗರು ಹಸಿಯಾಗಿಯೇ ಉಳಿಯುತ್ತದೆ ಎಂದು. ನೀನು ವರ್ಷಕ್ಕೆ ಎರಡು ಸಲ ಬಳ್ಳಿ ಸವರಿ ಚಾಟ್ನಿ ಮಾಡುತ್ತೀ. ಇವರಿಗೆ ಒಂದೇ, ಚಳಿಗಾಲದಲ್ಲಿ, ಗಿಡ ಪೂರಾ ಮಲಗಿದ ಮೇಲೆ.

ಮಣ್ಣಿನ ಮಾತು ಬಂದರೆ ನಾವು ನೀವು ದೂರದವರಲ್ಲ. ನಮ್ಮ ಎರೆಹೊಲ ಹಳೆಯ ಲಾವಾ ಕಲ್ಲು ಕರಗಿ ಆದದ್ದು. ಇಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಎಷ್ಟೋ ಸಲ ಬೂದಿ ಗಾಳಿ ಹಿಡಿದು ಈ ಕಡೆ ಬಂದು ಸುರಿದಿದೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಒಂದು ದೊಡ್ಡ ಸ್ಫೋಟಕ್ಕೆ ಭೂಗರ್ಭಶಾಸ್ತ್ರದವರು ಇಟ್ಟಿರುವ ಹೆಸರೇ ಅವೆಲ್ಲಿನೊ ಸ್ಫೋಟ. ಇನ್ನೂ ಪೂರ್ವಕ್ಕೆ, ಬಸಿಲಿಕಾತಾ ಸೀಮೆಯಲ್ಲಿ ವುಲ್ತುರೆ ಎಂಬ ಆರಿದ ಜ್ವಾಲಾಮುಖಿ ಇದೆ, 1,326 ಮೀಟರ್ ಎತ್ತರ. ಅದರ ಸುತ್ತಲ ಕಪ್ಪು ಮಣ್ಣಿನಲ್ಲೂ ಬೆಳೆಯುವುದು ಇದೇ ಅಗ್ಲಿಯಾನಿಕೊ. ನೀನು ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟುತ್ತೀಯಲ್ಲ, ಯುರೋಪಿನಲ್ಲೂ ಬಹುತೇಕ ಎಲ್ಲ ದ್ರಾಕ್ಷಿ ಅಮೆರಿಕದ ಬೇರಿನ ಮೇಲೇ ನಿಂತಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹುಳ ಬಂದು ತೋಟಗಳೆಲ್ಲ ನಾಶವಾದವು. ಮರಳು ಮಿಶ್ರಿತ ಬೂದಿಮಣ್ಣಿನಲ್ಲಿ ಆ ಹುಳಕ್ಕೆ ಬಾಳುವೆ ಕಷ್ಟ. ಹಾಗಾಗಿ ತೌರಾಸಿಯ ಕೆಲವು ತುಂಡು ಹೊಲಗಳಲ್ಲಿ ಇವತ್ತಿಗೂ ಸ್ವಂತ ಬೇರಿನ ಮೇಲೇ ನಿಂತ ನೂರು ವರ್ಷ ದಾಟಿದ ಬಳ್ಳಿಗಳಿವೆ. ಅವುಗಳ ಕಾಂಡ ನನ್ನ ತೊಡೆಗಿಂತ ದಪ್ಪ, ತಿರುಚಿಕೊಂಡು ಆಳೆತ್ತರ ಮೀರಿ ಹೋಗಿವೆ. ಒಂದನ್ನು ಮುಟ್ಟಿ ನೋಡಿದೆ. ತೊಗಟೆ ಪದರ ಪದರವಾಗಿ ಕೈಗೆ ಬಂತು.

ಹುಳ ಫ್ರಾನ್ಸಿನಲ್ಲಿ ಹಾವಳಿ ಮಾಡಿದ ಆ ದಿನಗಳಲ್ಲಿ ದಕ್ಷಿಣ ಇಟಲಿಯ ವೈನಿಗೆ ಎಲ್ಲಿಲ್ಲದ ಬೇಡಿಕೆ. 1895ರಲ್ಲಿ ಅವೆಲ್ಲಿನೊದಿಂದ ರೊಕ್ಕೆತ್ತಾದವರೆಗೆ ರೈಲು ಹಾಕಿದರು, ತೌರಾಸಿಯ ಬೆಟ್ಟಗಳ ನಡುವಿನಿಂದಲೇ. ದ್ರಾಕ್ಷಿ, ವೈನು ತುಂಬಿಕೊಂಡು ಓಡಿದ ಆ ಹಳಿ 2010ರಲ್ಲಿ ದಿನದ ಓಡಾಟ ನಿಲ್ಲಿಸಿತು, ಈಗ ಪ್ರವಾಸಿಗರ ಗಾಡಿ ಮಾತ್ರ. ಬಹಳ ಕಾಲ ಇಲ್ಲಿಯ ವೈನು ಹೆಸರಿಲ್ಲದೆ ಪೀಪಾಯಿಗಳಲ್ಲಿ ಹೊರಗೆ ಹೋಗಿ, ಬೇರೆಯವರ ತೆಳು ವೈನಿಗೆ ಬಲ ಕೊಡಲು ಬೆರೆತುಹೋಗುತ್ತಿತ್ತು. ಅದಕ್ಕೊಂದು ಮರ್ಯಾದೆ ತಂದವರಲ್ಲಿ ಅಂತೋನಿಯೊ ಮಾಸ್ತ್ರೊಬೆರಾರ್ದಿನೊ ದೊಡ್ಡವರು. ಯುದ್ಧದ ನಂತರ ಎಲ್ಲರೂ ಹೆಚ್ಚು ಹಣ್ಣು ಕೊಡುವ ಹೊರಗಿನ ತಳಿ ಹಾಕುತ್ತಿದ್ದಾಗ ಅವರು ಅಗ್ಲಿಯಾನಿಕೊ, ಫಿಯಾನೊ, ಗ್ರೆಕೊ ಎಂಬ ನೆಲದ ತಳಿಗಳನ್ನೇ ಹಿಡಿದು ಕೂತರು. ಅವರ ಮನೆಯ 1968ರ ತೌರಾಸಿಯ ಬಾಟಲಿಗಳ ಬಗ್ಗೆ ಇಲ್ಲಿಯ ಹಿರಿಯರು ಈಗಲೂ ದನಿ ತಗ್ಗಿಸಿ ಮಾತಾಡುತ್ತಾರೆ. 1980ರ ನವೆಂಬರ್ 23ರ ಸಂಜೆ ಇದೇ ಸೀಮೆಯಲ್ಲಿ ಭೂಕಂಪವಾಯಿತು. ಸುಮಾರು ಮೂರು ಸಾವಿರ ಜನ ಸತ್ತರು, ಊರಿಗೆ ಊರೇ ಕುಸಿದವು, ಉಳಿದವರಲ್ಲಿ ಎಷ್ಟೋ ಮಂದಿ ಉತ್ತರಕ್ಕೋ ಜರ್ಮನಿಗೋ ಹೊರಟುಹೋದರು. ಹೋಗದೆ ಉಳಿದವರ ಬಳ್ಳಿಯಿಂದ ಬಂದದ್ದು ನಿನ್ನ ಕೈಯಲ್ಲಿರುವ ಬಾಟಲಿ. 1993ರಲ್ಲಿ ಸರಕಾರ ತೌರಾಸಿಗೆ ದೇಶದ ಅತ್ಯುನ್ನತ ದರ್ಜೆ ಕೊಟ್ಟಿತು, ದಕ್ಷಿಣದ ಕೆಂಪು ವೈನುಗಳಲ್ಲಿ ಮೊದಲನೆಯದು.

ಪುಸ್ತಕಗಳಲ್ಲಿ ಇದನ್ನು "ದಕ್ಷಿಣದ ಬಾರೋಲೊ" ಎಂದು ಬರೆಯುತ್ತಾರೆ. ಬಾರೋಲೊ ಉತ್ತರದ ಶ್ರೀಮಂತ ಸೀಮೆಯ ವೈನು. ಆ ಮಾತು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬಡ ಸೀಮೆಯಲ್ಲಿ ಒಳ್ಳೆಯದೇನಾದರೂ ಇದ್ದರೆ ಅದನ್ನು ಹೊಗಳಲೂ ಉಳ್ಳವರ ಹೆಸರೇ ಬೇಕೆ? ವಿಜಯಪುರದವರಾದ ನಮಗೆ ಈ ನೋವು ಗೊತ್ತಿಲ್ಲದ್ದೇನಲ್ಲ.

ಇನ್ನು ಊಟಕ್ಕೆ ಬರುತ್ತೇನೆ, ನಿನಗೆ ಮುಖ್ಯವಾಗಿ ಬೇಕಾದದ್ದು ಅದೇ. ಟ್ಯಾನಿನ್ ಎಂಬುದು ಪ್ರೋಟೀನು ಕಂಡರೆ ಅಂಟಿಕೊಳ್ಳುತ್ತದೆ. ಬಾಯಲ್ಲಿ ಬೇರೆ ಏನೂ ಇಲ್ಲದಿದ್ದರೆ ಎಂಜಲಿನ ಪ್ರೋಟೀನನ್ನೇ ಹಿಡಿಯುತ್ತದೆ, ಅದರ ಜಾರುವಿಕೆ ಹೋಗಿ ನಾಲಿಗೆ ಒಣಗುತ್ತದೆ. ಅದೇ ಬಾಯಲ್ಲಿ ಮಾಂಸವೋ ಗಿಣ್ಣೋ ಇದ್ದರೆ ಅದರ ಪ್ರೋಟೀನು, ಕೊಬ್ಬುಗಳ ಜೊತೆ ಸೇರಿ ಮೆತ್ತಗಾಗುತ್ತದೆ. ಹುಳಿ ಬಂದು ಜಿಡ್ಡು ಕಡಿಯುತ್ತದೆ, ಮುಂದಿನ ತುತ್ತಿಗೆ ಬಾಯಿ ಮತ್ತೆ ಹೊಸದಾಗುತ್ತದೆ. ಮೆಣಸಿನಕಾಯಿಯ ಖಾರ ಮಾತ್ರ ಇದಕ್ಕೆ ಆಗಿಬರುವುದಿಲ್ಲ. ಹದಿನಾಲ್ಕು ಪರ್ಸೆಂಟ್ ಹತ್ತಿರದ ಆಲ್ಕೋಹಾಲು ಖಾರದ ಉರಿಯನ್ನು ಇನ್ನೂ ಎಬ್ಬಿಸುತ್ತದೆ, ಉರಿ ಒಗರನ್ನು ಎಬ್ಬಿಸುತ್ತದೆ. ನಿನ್ನ ಖಾರದ ಶೇಂಗಾ ಮಾಡಿದ್ದು ಅದನ್ನೇ.

ಇಲ್ಲಿ ಭಾನುವಾರ ಎಂದರೆ ರಾಗು. ನಮ್ಮ ಕೆಳಗಿನ ಮನೆಯ ಅಜ್ಜಿ ಬೆಳಿಗ್ಗೆ ಏಳಕ್ಕೇ ಒಲೆ ಹಚ್ಚುತ್ತಾರೆ. ಹಂದಿಯ ಪಕ್ಕೆಲುಬು, ದನದ ಮಾಂಸದ ತೆಳು ಹಾಳೆಗಳನ್ನು ಸುತ್ತಿದ ಬ್ರಾಚೊಲೆ, ಟೊಮೆಟೊ. ಬ್ರಾಚೊಲೆಯ ಹೂರಣದಲ್ಲಿ ಬೆಳ್ಳುಳ್ಳಿ, ಪಾರ್ಸ್ಲಿ, ಕುರಿಹಾಲಿನ ಗಿಣ್ಣು, ಪೈನ್ ಬೀಜ, ಮತ್ತೆ ಏನು ಗೊತ್ತೆ? ಒಣದ್ರಾಕ್ಷಿ, ನಮ್ಮ ಮನೂಕ! ನೀನು ಕಳಿಸಿದ ನಮ್ಮ ಶೆಡ್ಡಿನ ಮನೂಕವನ್ನೇ ಅವರಿಗೆ ಕೊಟ್ಟಿದ್ದೆ, ಒಂದನ್ನು ಬೆಳಕಿಗೆ ಹಿಡಿದು ನೋಡಿ, ತಿಂದು, ಡಬ್ಬಿ ಪೂರ್ತಿ ಒಳಗಿಟ್ಟುಕೊಂಡರು. ಆ ಸಾರು ಐದಾರು ತಾಸು ಸಣ್ಣ ಉರಿಯಲ್ಲಿ, ಮೇಲ್ಮೈ ಅಲ್ಲಲ್ಲಿ ಒಂದೊಂದೇ ಗುಳ್ಳೆ ಬಿಡುವ ಹಾಗೆ ಬೇಯುತ್ತದೆ. ಮೊದಲು ಸಾರನ್ನು ಪಾಸ್ತಾಕ್ಕೆ ಕಲಸಿ ತಿನ್ನುವುದು, ಆಮೇಲೆ ಮಾಂಸ ಬೇರೆ ತಟ್ಟೆಯಲ್ಲಿ. ಎರಡಕ್ಕೂ ಅಗ್ಲಿಯಾನಿಕೊ ನಡೆಯುತ್ತದೆ. ಟೊಮೆಟೊದ ಹುಳಿಗೆ ಹುಳಿ ಕಡಿಮೆಯ ವೈನು ಸಪ್ಪೆಯೆನಿಸುತ್ತದೆ, ಇದು ಸರಿಸಾಟಿಯಾಗಿ ನಿಲ್ಲುತ್ತದೆ.

ವುಲ್ತುರೆಯ ಕಡೆ ಹೋದಾಗ ಕುರಿಮಾಂಸ. ಮಣ್ಣಿನ ಗಡಿಗೆಯಲ್ಲಿ ಈರುಳ್ಳಿ, ಸೆಲೆರಿ, ಒಂದೆರಡು ಟೊಮೆಟೊ ಹಾಕಿ ಎಲುಬಿನ ಸಮೇತ ನಿಧಾನಕ್ಕೆ ಬೇಯಿಸಿದ ಕುತ್ತುರಿದ್ದು, ಕುರಿಗಾಹಿಗಳ ಅಡುಗೆ. ಆ ಬೆಟ್ಟದ ಬುಡದ ಬಾರಿಲೆ ಊರಿನಲ್ಲಿ ಮೆತ್ತನೆಯ ಕಲ್ಲು ಕೊರೆದು ಮಾಡಿದ ಗುಹೆಗಳ ಸಾಲೇ ಇದೆ, ಎಲ್ಲ ವೈನಿನ ನೆಲಮನೆಗಳು. ನಿರ್ದೇಶಕ ಪಾಸೊಲಿನಿ ಯೇಸುವಿನ ಕಥೆಯ ಮೇಲೆ ತೆಗೆದ 1964ರ ಸಿನಿಮಾದ ಕೆಲವು ದೃಶ್ಯಗಳನ್ನು ಅಲ್ಲೇ ಚಿತ್ರೀಕರಿಸಿದ. ಸನಿಹದ ವೆನೋಸಾ ಕವಿ ಹೊರೇಸ್ ಹುಟ್ಟಿದ ಊರು. ರೋಮಿನಲ್ಲಿದ್ದೂ ಸಂಜೆ ಮನೆಗೆ ಹೋಗಿ ತಾನು ಉಣ್ಣುವುದು ಲೀಕ್, ಕಡಲೆ, ಲಾಗಾನೆ ಎಂದು ಬರೆದುಕೊಂಡವನು. ಅಗಲ ಪಟ್ಟಿಯ ಪಾಸ್ತಾಕ್ಕೆ ಬೇಯಿಸಿದ ಕಡಲೆ ಕಲಸಿದ ಲಾಗಾನೆ ಎ ಚೆಚಿ ಇವತ್ತಿಗೂ ಅಲ್ಲಿಯ ಮನೆಗಳಲ್ಲಿ ಉಂಟು. ಮಾಂಸವಿಲ್ಲದ ಊಟದಲ್ಲಿ ಈ ವೈನಿಗೆ ಒಪ್ಪುವುದು ಬೇಕೆಂದರೆ ನಾನು ಮೊದಲು ಹೇಳುವುದು ಇದನ್ನೇ, ಮೇಲೆ ಪೆಪೆರೊನೆ ಕ್ರುಸ್ಕೊ ಪುಡಿ ಮಾಡಿ ಉದುರಿಸಿ.

ಆ ಕ್ರುಸ್ಕೊ ಬಗ್ಗೆ ನಿನಗೆ ಹೇಳಲೇಬೇಕು. ಸೆನಿಸೆ ಎಂಬ ಊರಿನ ಕೆಂಪು ಮೆಣಸಿನಕಾಯಿ ಅದು. ಬಣ್ಣದಲ್ಲಿ ನಮ್ಮ ಬ್ಯಾಡಗಿಯ ಬಂಧು, ಆದರೆ ಬ್ಯಾಡಗಿಯಷ್ಟೂ ಖಾರವಿಲ್ಲ, ಪೂರಾ ಸಿಹಿ. ತಿರುಳು ತೆಳ್ಳಗೆ, ನೀರು ಕಡಿಮೆ, ಅದಕ್ಕೇ ಗಾಳಿಗೆ ಒಣಗುತ್ತದೆ. ತೊಟ್ಟಿಗೆ ಸೂಜಿ ಚುಚ್ಚಿ ದಾರ ಪೋಣಿಸಿ ಉದ್ದುದ್ದ ಸರ ಮಾಡಿ ಮನೆಯ ಮುಂದೆ ನೇತು ಹಾಕುತ್ತಾರೆ; ಓಣಿಯ ಗೋಡೆಗಳೆಲ್ಲ ಕೆಂಪು. ಒಣಗಿದ್ದನ್ನು ಬಟ್ಟೆಯಿಂದ ಒರೆಸಿ, ತೊಟ್ಟು ಬೀಜ ತೆಗೆದು, ಕಾದ ಆಲಿವ್ ಎಣ್ಣೆಗೆ ಬಿಡಬೇಕು. ಎರಡು ಮೂರು ಸೆಕೆಂಡ್, ಅಷ್ಟೇ. ಉಬ್ಬಿ, ಒಂದು ಸಲ ಹೊಳೆಯುತ್ತದೆ, ಆ ಕ್ಷಣಕ್ಕೇ ಎತ್ತಬೇಕು. ತಡವಾದರೆ ಕಪ್ಪಾಗಿ ಕಹಿ. ಎಣ್ಣೆಯಿಂದ ತೆಗೆದಾಗ ಇನ್ನೂ ಮೆತ್ತಗಿದ್ದದ್ದು ಆರುತ್ತ ಆರುತ್ತ ಗರಿಗರಿಯಾಗುತ್ತದೆ; ಕೆಳಗಿನ ಅಜ್ಜಿ ಒಂದನ್ನು ಕಿವಿಯ ಹತ್ತಿರ ಹಿಡಿದು ಮುರಿದು, ಸದ್ದು ಕೇಳಿಯೇ ಸರಿಯಾಯಿತೋ ಇಲ್ಲವೋ ಹೇಳುತ್ತಾರೆ. ಚಿಟಿಕೆ ಉಪ್ಪು ಉದುರಿಸಿದರೆ ಮುಗಿಯಿತು. ಸಿಹಿ, ಹೊಗೆ, ಚೂರು ಕಹಿ, ಈ ಮೂರೂ ಅಗ್ಲಿಯಾನಿಕೊದ ಒಳಗೂ ಇವೆ, ಆದ್ದರಿಂದಲೇ ಒಂದಕ್ಕೊಂದು ಇಷ್ಟು ಕೂಡಿ ಬರುತ್ತವೆ. ಬೆಟ್ಟದ ಊರುಗಳಲ್ಲಿ ಒಣಗಿಸಿದ ಕಾಡ್ ಮೀನಿಗೂ ಇದನ್ನೇ ಹಾಕಿ ಕೆಂಪು ವೈನಿನ ಜೊತೆ ತಿನ್ನುತ್ತಾರೆ. ನನಗೆ ಮಾತ್ರ ಮೀನಿನ ಜೊತೆ ಈ ವೈನು ಸೇರಿಲ್ಲ.

ಗಿಣ್ಣಿನಲ್ಲಿ ಮೊದಲ ಸ್ಥಾನ ಕಾಚೊಕವಾಲ್ಲೊ ಪೊದೊಲಿಕೊಗೆ. ಪೊದೊಲಿಕಾ ಬೂದುಬಣ್ಣದ, ಉದ್ದ ಕೊಂಬಿನ ಆಕಳು. ಗುಡ್ಡ ಮೇದುಕೊಂಡಿರುತ್ತದೆ, ಹಾಲು ಕೊಡುವುದು ತೀರ ಕಡಿಮೆ, ಕೊಡುವ ಹಾಲಿಗೆ ಮೇದ ಗಿಡಮೂಲಿಕೆಗಳ ವಾಸನೆ. ಜಾತ್ರೆಗಳಲ್ಲಿ ಈ ಗಿಣ್ಣಿನ ಗುಂಡನ್ನು ಹಗ್ಗದಿಂದ ಕೆಂಡದ ಮೇಲೆ ತೂಗುಬಿಡುತ್ತಾರೆ. ಕೆಳಭಾಗ ಕರಗಿ ಇಳಿಯತೊಡಗಿದ ಕೂಡಲೇ ಚಾಕುವಿನಿಂದ ಸುಟ್ಟ ರೊಟ್ಟಿಯ ತುಂಡಿನ ಮೇಲೆ ಹೆರೆಯುವುದು. ನಿಂತುಕೊಂಡೇ, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಗ್ಲಾಸು. ತೌರಾಸಿಯ ಒಗರೆಲ್ಲ ಎಲ್ಲಿ ಹೋಯಿತು ಎಂದು ಅವತ್ತು ಕೇಳಿಕೊಂಡೆ, ಅಣ್ಣಾ. ಈ ವೈನನ್ನು ನಾನು ಪ್ರೀತಿಸತೊಡಗಿದ್ದು ಆ ಕೆಂಡದ ಮುಂದೆ.

ಈಗ ನಿನ್ನ ಎರಡನೆಯ ಬಾಟಲಿ. ಲೇಬಲ್ಲಿನ ಮೇಲೆ 2016 ಎಂದಿದೆ. ತೌರಾಸಿಯನ್ನು ಕಾನೂನಿನ ಪ್ರಕಾರವೇ ಮೂರು ವರ್ಷ ಇಟ್ಟು, ಅದರಲ್ಲಿ ಒಂದು ವರ್ಷವಾದರೂ ಮರದ ಪೀಪಾಯಿಯಲ್ಲಿ ಇಟ್ಟು, ಆಮೇಲೆ ಹೊರಗೆ ಬಿಡಬೇಕು. ಅಷ್ಟು ಇಟ್ಟರೂ ಇನ್ನೂ ಬಿಗಿಯಾಗಿಯೇ ಇರುತ್ತದೆ, ಅದಕ್ಕೆ ಗಾಳಿ ಬೇಕು. ಊಟಕ್ಕೆ ಎರಡು ತಾಸು ಮೊದಲು ಬಿರಡೆ ತೆಗೆದು ಅಗಲ ಬಾಯಿಯ ಗಾಜಿನ ಜಗ್ಗಿಗೆ ನಿಧಾನವಾಗಿ ಸುರಿ. ತಳದಲ್ಲಿ ಕಪ್ಪು ಗಸಿ ಕಂಡರೆ ಅದನ್ನು ಬಾಟಲಿಯಲ್ಲೇ ಬಿಡು. ಮನೆಯೊಳಗಿನ ಶಾಖ ನಮ್ಮ ಕಡೆ ಇದಕ್ಕೆ ಹೆಚ್ಚು, ಹದಿನಾರು ಹದಿನೆಂಟು ಡಿಗ್ರಿ ಇರಬೇಕು. ಗ್ಲಾಸಿಗೆ ಹಾಕುವ ಮುಂಚೆ ಜಗ್ಗನ್ನು ಅರ್ಧ ತಾಸು ಫ್ರಿಜ್ಜಿನಲ್ಲಿಡು. ಐಸು ಹಾಕಬೇಡ, ಸೋಡಾ ಹಾಕಬೇಡ. ತೀರ ತಣ್ಣಗಾದರೆ ಒಗರು ಮತ್ತೆ ತಲೆ ಎತ್ತುತ್ತದೆ.

ಅಡುಗೆಗೆ ಅತ್ತಿಗೆಯ ಕೈ ಇದ್ದ ಮೇಲೆ ನನಗೆ ಚಿಂತೆಯಿಲ್ಲ. ಎಲುಬಿನ ಮಟನ್ ತರಿಸು, ಕೊಬ್ಬಿರುವ ಕಡೆಯದು. ಕೆಂಪು ಖಾರದ ಪುಡಿ ಬಿಟ್ಟು, ಕರಿಮೆಣಸು, ಬೆಳ್ಳುಳ್ಳಿ, ಹುರಿದ ಈರುಳ್ಳಿ ಹಾಕಿ, ಕುಕ್ಕರಿನ ಬದಲು ದಪ್ಪ ತಳದ ಪಾತ್ರೆಯಲ್ಲಿ ಮೂರು ತಾಸು ಬೇಯಿಸಲಿ. ಜೋಳದ ರೊಟ್ಟಿ ಇರಲಿ, ಚೆನ್ನಾಗಿಯೇ ಕೂಡುತ್ತದೆ. ಅವ್ವನಿಗೆ ಎಣ್ಣೆಗಾಯಿ ಮಾಡುತ್ತಾರಲ್ಲ, ಆ ಬದನೆಕಾಯಿಯೂ ಇದಕ್ಕೆ ಒಪ್ಪುತ್ತದೆ, ಶೇಂಗಾ ಧಾರಾಳವಾಗಿ ಬೀಳಲಿ, ಬೆಲ್ಲ ಮಾತ್ರ ಬೇಡ. ಸಿಹಿ ತಿಂದ ಬಾಯಿಗೆ ಈ ವೈನು ಕಹಿಯಾಗುತ್ತದೆ. ಹೋಳಿಗೆ ಇದ್ದರೆ ಜಗ್ಗು ಖಾಲಿಯಾದ ಮೇಲೆ ತಿನ್ನು. ಮೊದಲು ಒಂದು ತುತ್ತು ಅಗಿ, ನುಂಗು, ಆಮೇಲೆ ಸಣ್ಣ ಗುಟುಕು. ಮೂರನೆಯ ಗುಟುಕಿನ ಹೊತ್ತಿಗೆ ಕಪ್ಪು ಚೆರ್ರಿ, ಒಣಗಿದ ಆಲೂಬುಖಾರ, ಹೊಗೆ, ಕರಿಮೆಣಸು ಒಂದೊಂದೇ ಗೊತ್ತಾಗುತ್ತವೆ. ಅರ್ಧ ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ಕುಡಿ; ಬಹಳ ಸಲ ಎರಡನೇ ದಿನ ಇನ್ನೂ ಚೆನ್ನಾಗಿರುತ್ತದೆ.

ಒಂದು ಕೋರಿಕೆ. ಅಕ್ಟೋಬರ್ ಚಾಟ್ನಿ ಈ ಸಲ ಮೊದಲ ವಾರದಲ್ಲೇ ಮುಗಿಸು, ಬೇಕಾದರೆ ಆಳು ಹೆಚ್ಚಿಗೆ ಹಚ್ಚು. ಚಿಗುರು ಒಡೆದು ಗೊಂಚಲು ಕಂಡ ಮೇಲೆ ಒಂದು ವಾರದ ಮಟ್ಟಿಗೆ ತೋಟವನ್ನು ತಮ್ಮನ ಕೈಗೆ ಒಪ್ಪಿಸಿ ನೀನೂ ಅತ್ತಿಗೆಯೂ ಇಲ್ಲಿಗೆ ಬನ್ನಿ. ನವೆಂಬರಿನ ಮೊದಲ ದಿನಗಳಲ್ಲಿ ಇಲ್ಲಿ ಕೊಯ್ಲು. ವೀಸಾಕ್ಕೆ ಬೇಕಾದ ಆಹ್ವಾನಪತ್ರ ಈಗಲೇ ಮಾಡಿಸುತ್ತಿದ್ದೇನೆ, ನಿಮ್ಮಿಬ್ಬರ ಪಾಸ್‌ಪೋರ್ಟಿನ ಪ್ರತಿ ಕಳಿಸು. ಬರುವಾಗ ಮನೂಕ ಎರಡು ಕಿಲೋ ಹೆಚ್ಚಿಗೆ ತಾ, ಕೆಳಗಿನ ಅಜ್ಜಿ ಆಗಲೇ ಎರಡು ಸಲ ಕೇಳಿದ್ದಾರೆ.

ಅವ್ವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ಪ್ರೀತಿಯ
ತಂಗಿ